ಹೊಟ್ಟೆಯ ಮಾತ್ರೆಗೂ ಹೊತ್ತುಗೊತ್ತು

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ – ಹೆಸರಿನ ಕೊನೆಯಲ್ಲಿ ‘ಪ್ರಜೋಲ್’ ಇರುವ ಈ ಮಾತ್ರೆಗಳೇ ಇಂದು ಜಠರದ ಹುಣ್ಣಿಗೂ, ಎದೆಯುರಿ ಮತ್ತು ಹುಳಿತೇಗಿಗೂ ಮುಖ್ಯ ಮದ್ದು. ಕರ್ನಾಟಕದ ಯಾವ ಊರಿನ ಮೆಡಿಕಲ್ ಶಾಪಿನಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’ ಕೇಳಿದರೂ ಸಾಮಾನ್ಯವಾಗಿ ಕೈಗೆ ಬರುವುದು ಇವುಗಳಲ್ಲೊಂದು. ಕಾನೂನಿನ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆ ಕಾನೂನನ್ನು ಪಾಲಿಸುವವರು ಕಡಿಮೆ. ಈ ಮಾತ್ರೆಗಳ ಬಗ್ಗೆ ಕೇಳಿಬರುವ ದೂರು ಎರಡು. ನುಂಗಿದರೂ ಉರಿ ಹೋಗಲಿಲ್ಲ ಎಂಬುದು ಒಂದು, ಬಿಟ್ಟರೆ ಒಂದು ದಿನವೂ ಆಗುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದರ ಹಿಂದೆ ಅನೇಕ ಸಲ ಹೊತ್ತು ತಪ್ಪಿದ ಸೇವನೆ ಇರುತ್ತದೆ, ಎರಡನೆಯದರ ಹಿಂದೆ ಗಡುವೇ ಇಲ್ಲದ ಸೇವನೆ.

ಹೊತ್ತಿಗೆ ಇಷ್ಟೊಂದು ಮಹತ್ವ ಏಕೆಂಬುದು ಮಾತ್ರೆ ಕೆಲಸ ಮಾಡುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ಜಠರದ ಒಳಗೋಡೆಯ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಸೂಕ್ಷ್ಮ ಪಂಪುಗಳಿವೆ. ಹೊಟ್ಟೆ ಖಾಲಿಯಿದ್ದಾಗ ಇವುಗಳಲ್ಲಿ ಹೆಚ್ಚಿನವು ಕೋಶದೊಳಗೆ ಸುಮ್ಮನಿರುತ್ತವೆ. ಊಟ ಇಳಿದಾಗ, ಕೆಲವೊಮ್ಮೆ ಒಗ್ಗರಣೆಯ ಘಮ ಮೂಗಿಗೆ ಬಂದಾಗಲೇ, ಅವು ಮೇಲ್ಮೈಗೆ ಬಂದು ಕೆಲಸ ಶುರುಮಾಡುತ್ತವೆ. ಪ್ರಜೋಲ್ ಗುಂಪಿನ ಔಷಧಿ ಜಠರದಲ್ಲಿ ಕರಗುವುದಿಲ್ಲ, ಕರಗಲೂಬಾರದು. ಅದು ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರಿ, ರಕ್ತದ ಮೂಲಕ ಆಮ್ಲ ತಯಾರಿಸುವ ಕೋಶವನ್ನು ತಲುಪುತ್ತದೆ. ಅಲ್ಲಿ ದುಡಿಯುತ್ತಿರುವ ಪಂಪು ಸಿಕ್ಕಿದರೆ ಅಂಟಿಕೊಂಡು ಅದಕ್ಕೆ ಬೀಗ ಹಾಕಿಬಿಡುತ್ತದೆ. ಆ ಬೀಗ ಮತ್ತೆ ತೆರೆಯುವುದಿಲ್ಲ. ಕೋಶವು ಹೊಸ ಪಂಪುಗಳನ್ನು ತಯಾರಿಸಿಕೊಳ್ಳಬೇಕು, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಆದರೆ ಸುಮ್ಮನಿರುವ ಪಂಪಿಗೆ ಈ ಔಷಧಿ ಅಂಟುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಒಂದೆರಡು ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ, ಕೆಲವೇ ಗಂಟೆಗಳಲ್ಲಿ ಬಹುತೇಕ ಇಲ್ಲವಾಗುತ್ತದೆ. ಹೀಗಾಗಿ ಔಷಧಿ ರಕ್ತದಲ್ಲಿರುವ ಹೊತ್ತಿಗೇ ಪಂಪುಗಳೂ ಎದ್ದು ದುಡಿಯುತ್ತಿರಬೇಕು. ಅವೆರಡನ್ನೂ ಒಂದೇ ಹೊತ್ತಿಗೆ ಕೂಡಿಸುವುದೇ ಸರಿಯಾದ ಸೇವನೆ.

ಆದ್ದರಿಂದ ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಮಾತ್ರೆ, ಆಮೇಲೆ ತಪ್ಪದೆ ತಿಂಡಿ. ರಾತ್ರಿಯಿಡೀ ಉಪವಾಸವಿದ್ದ ಜಠರದಲ್ಲಿ ಕೆಲಸಕ್ಕೆ ಸಿದ್ಧವಾದ ಪಂಪುಗಳ ಸಂಖ್ಯೆ ಬೆಳಿಗ್ಗೆಯೇ ಅತಿ ಹೆಚ್ಚು. ಚೀಟಿಯಲ್ಲಿ ‘ಖಾಲಿ ಹೊಟ್ಟೆಗೆ’ ಎಂದು ಬರೆದಿರುವುದನ್ನು ಜನ ಅರ್ಧ ಮಾತ್ರ ಪಾಲಿಸುತ್ತಾರೆ. ಆರು ಗಂಟೆಗೆ ಮಾತ್ರೆ ನುಂಗಿ, ವಾಕಿಂಗ್, ಸ್ನಾನ, ಪೂಜೆ ಮುಗಿಸಿ ಹತ್ತು ಗಂಟೆಗೆ ತಿಂಡಿಗೆ ಕೂತರೆ ಹೊಟ್ಟೆ ಖಾಲಿಯೇನೋ ಇತ್ತು, ಆದರೆ ಪಂಪುಗಳು ಏಳುವ ಹೊತ್ತಿಗೆ ಔಷಧಿಯ ಬಹುಪಾಲು ಹೋಗಿಯಾಗಿತ್ತು. ತಿಂಡಿ ತಿಂದ ಮೇಲೆ ನೆನಪಾಗಿ ನುಂಗುವುದೂ, ರಾತ್ರಿ ಊಟವಾಗಿ ಮಲಗುವ ಮುನ್ನ ನುಂಗುವುದೂ ಇದೇ ಕಾರಣಕ್ಕೆ ದುರ್ಬಲ. ದಿನಕ್ಕೆ ಎರಡು ಹೊತ್ತು ಬರೆದಿದ್ದರೆ ಎರಡನೆಯದು ರಾತ್ರಿ ಊಟಕ್ಕೆ ಮೊದಲು, ಮಲಗುವಾಗ ಅಲ್ಲ. ರಾತ್ರಿ ಪಾಳಿ ಮಾಡಿ ಹಗಲು ಮಲಗುವವರಿಗೆ ಗಡಿಯಾರದ ಬೆಳಗು ಲೆಕ್ಕಕ್ಕಿಲ್ಲ; ಎದ್ದ ಮೇಲಿನ ಮೊದಲ ಊಟಕ್ಕೆ ಮುಂಚೆ ನುಂಗಿದರಾಯಿತು. ರಂಜಾನ್ ಉಪವಾಸ ಮಾಡುವವರಿಗೆ ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಅರ್ಧ ಗಂಟೆ ಮೊದಲಿನ ಹೊತ್ತು ಸರಿಹೊಂದುತ್ತದೆ. ಏಕಾದಶಿಯಂದು ನೀರನ್ನೂ ಮುಟ್ಟದವರ ಹೊಟ್ಟೆಯಲ್ಲಿ ಆ ದಿನದ ಮಾತ್ರೆ ಹೆಚ್ಚೇನೂ ಮಾಡದು.

ಕೆಲವರಿಗೆ ಮೂರು ದಿನ ನುಂಗಿದ ಮೇಲೂ ಗುಣ ಕಾಣುವುದಿಲ್ಲ. ಅದೂ ಸಹಜ. ಎಲ್ಲ ಪಂಪುಗಳೂ ಒಂದೇ ದಿನ ಏಳುವುದಿಲ್ಲವಾದ್ದರಿಂದ ಮೊದಲ ಮಾತ್ರೆ ಒಂದು ಪಾಲಿಗಷ್ಟೇ ಬೀಗ ಹಾಕುತ್ತದೆ, ಮರುದಿನದ್ದು ಇನ್ನಷ್ಟಕ್ಕೆ. ಪೂರ್ಣ ಪರಿಣಾಮಕ್ಕೆ ಮೂರರಿಂದ ಐದು ದಿನ ಬೇಕು. ಮದುವೆ ಮನೆಯಲ್ಲಿ ಉಂಡು ಎದೆ ಉರಿದಾಗ ಒಂದು ಪ್ಯಾಂಟೊಪ್ರಜೋಲ್ ನುಂಗಿ ತಕ್ಷಣದ ಶಮನ ಬಯಸುವುದು ಆ ಔಷಧಿಯ ಸ್ವಭಾವಕ್ಕೇ ಒಗ್ಗದ ಬಳಕೆ. ಒಂದು ಹೊತ್ತು ಮರೆತರೆ ಮುಂದಿನ ಊಟಕ್ಕೆ ಮೊದಲು ತೆಗೆದುಕೊಳ್ಳಬಹುದು. ಮರೆತದ್ದಕ್ಕೆಂದು ಎರಡನ್ನು ಒಟ್ಟಿಗೆ ನುಂಗಬಾರದು.

ಮಾತ್ರೆಯ ಹೊದಿಕೆಯ ವಿಷಯ ಇನ್ನೊಂದಿದೆ. ಆಮ್ಲ ತಗಲಿದರೆ ಈ ಔಷಧಿಗಳೇ ಕೆಟ್ಟುಹೋಗುತ್ತವೆ. ಅದಕ್ಕಾಗಿ ಮಾತ್ರೆಗೆ ಆಮ್ಲದಲ್ಲಿ ಕರಗದ ಲೇಪ ಕೊಟ್ಟಿರುತ್ತಾರೆ. ಕ್ಯಾಪ್ಸೂಲ್ ಆದರೆ ಒಳಗಿನ ಒಂದೊಂದು ಕಾಳಿಗೂ ಆ ಲೇಪ ಇರುತ್ತದೆ. ಗಂಟಲಲ್ಲಿ ಇಳಿಯದೆಂದು ಅಜ್ಜಿಗೆ ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಹಾಲಲ್ಲಿ ಕಲಸಿ ಕೊಡುವ ಮನೆಗಳಿವೆ. ಹಾಗೆ ಕೊಟ್ಟ ಔಷಧಿಯ ಬಹುಪಾಲು ಜಠರದಲ್ಲೇ ನಾಶವಾಗುತ್ತದೆ. ಅರ್ಧಕ್ಕೆ ಮುರಿಯುವುದೂ ಅಷ್ಟೇ. ನುಂಗಲಾಗದವರಿಗೆ ಬೇರೆ ರೂಪದ ಔಷಧಿಯನ್ನು ವೈದ್ಯರಲ್ಲಿ ಕೇಳಿ ಪಡೆಯಬೇಕು. ಕೆಲವು ಕ್ಯಾಪ್ಸೂಲುಗಳನ್ನು ಬಿಡಿಸಿ ಕಾಳುಗಳನ್ನು ಅಗಿಯದೆ ನುಂಗಬಹುದು, ಆದರೆ ಯಾವುದನ್ನು ಎಂಬುದನ್ನು ಫಾರ್ಮಸಿಸ್ಟರಿಂದ ತಿಳಿದೇ ಮುಂದುವರಿಯುವುದು ಒಳ್ಳೆಯದು.

ತಕ್ಷಣದ ಉರಿಗೆ ಇರುವುದು ಬೇರೆ ಔಷಧಿಗಳು. ಡೈಜೀನ್, ಜೆಲುಸಿಲ್‌ನಂಥ ದ್ರವಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುತ್ತವೆ. ಇವು ಆಮ್ಲದ ತಯಾರಿಯನ್ನು ತಡೆಯುವುದಿಲ್ಲ, ಆಗಲೇ ಇರುವ ಆಮ್ಲವನ್ನು ತಣಿಸುತ್ತವೆ. ಇವುಗಳ ಹೊತ್ತು ಪ್ರಜೋಲ್‌ಗೆ ತಿರುಗುಮುರುಗು: ಊಟಕ್ಕೆ ಮೊದಲಲ್ಲ, ಊಟವಾಗಿ ಸುಮಾರು ಒಂದು ಗಂಟೆಯ ನಂತರ ಮತ್ತು ಬೇಕಾದರೆ ಮಲಗುವಾಗ. ಖಾಲಿ ಹೊಟ್ಟೆಗೆ ಕುಡಿದರೆ ಅರ್ಧ ಗಂಟೆಯೊಳಗೆ ಜಾರಿಹೋಗುವ ದ್ರವ, ಊಟದ ಮೇಲೆ ಕುಡಿದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಅಳೆಯಬೇಕು, ಇಲ್ಲವಾದರೆ ಮೊದಲ ವಾರ ನೀರನ್ನೂ ಕೊನೆಯ ವಾರ ಗಷ್ಟವನ್ನೂ ಕುಡಿದಂತಾಗುತ್ತದೆ. ಅಲ್ಯೂಮಿನಿಯಂ ಮಲಬದ್ಧತೆ ತರುತ್ತದೆ, ಮೆಗ್ನೀಸಿಯಂ ಭೇದಿ. ಎರಡನ್ನೂ ಬೆರೆಸುವುದರ ಹಿಂದಿನ ಲೆಕ್ಕ ಇದೇ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎರಡೂ ಒಗ್ಗವು. ಈನೋದಂಥ ನೊರೆಪುಡಿಯಲ್ಲಿರುವುದು ಅಡುಗೆಸೋಡ ಮತ್ತು ಸಿಟ್ರಿಕ್ ಆಮ್ಲ, ಅಂದರೆ ಸಾಕಷ್ಟು ಸೋಡಿಯಂ. ರಕ್ತದೊತ್ತಡಕ್ಕೆಂದು ಉಪ್ಪಿನಕಾಯಿ ಬಿಟ್ಟವರು ದಿನಾ ರಾತ್ರಿ ಈನೋ ಕುಡಿದರೆ ಬಿಟ್ಟದ್ದು ವ್ಯರ್ಥ. ಗರ್ಭಿಣಿಯರೂ ಅದನ್ನು ದೂರವಿಡುವುದು ಲೇಸು. ಅವರಿಗೆ ಆಲ್ಜಿನೇಟ್ ಇರುವ ದ್ರವ ಮೊದಲ ಆಯ್ಕೆ. ಅದು ಜಠರದಲ್ಲಿರುವ ಊಟದ ಮೇಲೆ ತೆಪ್ಪದಂತೆ ತೇಲಿ ಆಮ್ಲ ಮೇಲೇರದಂತೆ ತಡೆಯುತ್ತದೆ, ಹಾಗಾಗಿ ಅದನ್ನೂ ಊಟದ ನಂತರವೇ ಕುಡಿಯಬೇಕು.

ಈ ದ್ರವಗಳ ನಿಜವಾದ ತೊಂದರೆ ಬೇರೆ ಔಷಧಿಗಳ ಜೊತೆಗಿನದು. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದವುಗಳನ್ನು ಅವು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಬೇಕು, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ. ಥೈರಾಯ್ಡ್ ಮಾತ್ರೆಯನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೇ ನುಂಗಬೇಕಾದ್ದರಿಂದ ಅದನ್ನೂ ಪ್ಯಾಂಟೊಪ್ರಜೋಲನ್ನೂ ಹೇಗೆ ಹೊಂದಿಸುವುದು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿದೆ. ಎದ್ದ ಕೂಡಲೇ ನೀರಿನೊಂದಿಗೆ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಪ್ಯಾಂಟೊಪ್ರಜೋಲ್, ಮತ್ತರ್ಧ ಗಂಟೆಗೆ ತಿಂಡಿ – ಇದು ನಡೆಸಬಹುದಾದ ಕ್ರಮ. ಕಾಫಿ ತಿಂಡಿಯ ಜೊತೆಗೇ ಇರಲಿ. ಆಮ್ಲ ಕಡಿಮೆಯಾದರೆ ಥೈರಾಯ್ಡ್ ಔಷಧಿ ಹೀರಿಕೆಯಾಗುವುದೂ ಕುಗ್ಗಬಹುದು, ಆದ್ದರಿಂದ ಪ್ರಜೋಲ್ ಶುರುಮಾಡಿದ ಆರೆಂಟು ವಾರಗಳಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹುಣ್ಣಿಗೆ ಬರೆಯುವ ಸುಕ್ರಾಲ್‌ಫೇಟ್ ದ್ರವದ ಕೆಲಸ ಮತ್ತೊಂದು ಬಗೆಯದು. ಅದು ಆಮ್ಲದ ಸಂಪರ್ಕದಲ್ಲಿ ಜಿಗುಟಾಗಿ ಹುಣ್ಣಿನ ಮೇಲೆ ಪದರವಾಗಿ ಕೂರುತ್ತದೆ. ಊಟ ಅಡ್ಡ ಬರಬಾರದು, ಹಾಗಾಗಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿಯಬೇಕು. ಇದರ ಹಿಂದೆಮುಂದೆ ಅರ್ಧ ಗಂಟೆ ಡೈಜೀನ್‌ನಂಥವು ಬೇಡ, ಉಳಿದ ಔಷಧಿಗಳಿಗೂ ಎರಡು ಗಂಟೆಯ ಅಂತರ ಬೇಕು. ಫ್ಯಾಮೊಟಿಡಿನ್ ಗುಂಪಿನ ಮಾತ್ರೆಗಳು ಹಿಸ್ಟಮಿನ್ ಎಂಬ ಪ್ರಚೋದಕವನ್ನು ತಡೆದು ಆಮ್ಲ ತಗ್ಗಿಸುತ್ತವೆ. ರಾತ್ರಿಯ ಉರಿಗೆ ಮಲಗುವ ಮುನ್ನ ಒಳ್ಳೆಯವು. ಆದರೆ ದಿನವೂ ನುಂಗಿದರೆ ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ತಗ್ಗುತ್ತದೆ. ಈ ಗುಂಪಿನ ಮೊದಲ ಔಷಧಿ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂತು, ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದೇ ಗುಂಪಿನ ರ‍್ಯಾನಿಟಿಡಿನ್ ನಮ್ಮಲ್ಲಿ ದಶಕಗಳ ಕಾಲ ಮನೆಮಾತಾಗಿತ್ತು. ಕ್ಯಾನ್ಸರ್‌ಕಾರಕವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಅದರಲ್ಲಿ ಪತ್ತೆಯಾದ ಮೇಲೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಭಾರತದಲ್ಲಿ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಅದು ಹೊರಬಿತ್ತು. ಹಳೆಯ ರೂಢಿಯಿಂದ ಅದನ್ನೇ ಕೇಳಿ ಕೊಳ್ಳುವವರು ವೈದ್ಯರ ಬಳಿ ಬದಲಿ ಕೇಳುವುದು ಉತ್ತಮ.

ಹೆಸರಿಗೆ ‘ಡಿ’ ಸೇರಿದ ಕ್ಯಾಪ್ಸೂಲುಗಳ ಬಗ್ಗೆ ಬೇರೆಯೇ ಹೇಳಬೇಕು. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆತ ಈ ಜೋಡಿ ಔಷಧಿ ಭಾರತದಲ್ಲಿ ನೀರಿನಂತೆ ಖರ್ಚಾಗುತ್ತದೆ. ಡೊಂಪೆರಿಡೋನ್ ವಾಂತಿ, ವಾಕರಿಕೆಯ ಮದ್ದು. ಅದು ಹೃದಯದ ಬಡಿತದ ಲಯ ತಪ್ಪಿಸಬಲ್ಲದೆಂಬ ಕಾರಣಕ್ಕೆ 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಬಳಕೆಯನ್ನು ವಾಂತಿ ಮತ್ತು ವಾಕರಿಕೆಗೆ, ದಿನಕ್ಕೆ ಹೆಚ್ಚೆಂದರೆ 30 ಮಿಲಿಗ್ರಾಂಗೆ, ಸಾಮಾನ್ಯವಾಗಿ ಒಂದು ವಾರಕ್ಕೆ ಸೀಮಿತಗೊಳಿಸಿತು. ಎದೆಯುರಿ, ಹೊಟ್ಟೆಯುಬ್ಬರಕ್ಕೆ ಬೇಡವೆಂದಿತು. ಅರವತ್ತು ದಾಟಿದವರಿಗೆ ಅಪಾಯ ಹೆಚ್ಚು. ಇಂಥ ಔಷಧಿಯನ್ನು ಬರೀ ಎದೆಯುರಿಗೆಂದು ತಿಂಗಳುಗಟ್ಟಲೆ ನುಂಗುವ, ನುಂಗಿಸುವ ರೂಢಿಗೆ ಸಮರ್ಥನೆ ಕಾಣದು. ಎಷ್ಟೋ ಮಂದಿಗೆ ತಾವು ನುಂಗುತ್ತಿರುವುದು ಎರಡು ಔಷಧಿ ಎಂಬುದೇ ಗೊತ್ತಿರುವುದಿಲ್ಲ.

ಹುಣ್ಣಿನ ಕಥೆಗೆ ಮೈಸೂರಿನ ನಂಟೂ ಇದೆ. ಅಲ್ಲಿ ಜನ ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಕರುಳಿನ ಮೊದಲ ಭಾಗದ ಹುಣ್ಣು ಅನ್ನ ಉಣ್ಣುವ ದಕ್ಷಿಣದಲ್ಲಿ ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಇರುವುದನ್ನು ಗಮನಿಸಿ ಆಹಾರದ ಪಾತ್ರವನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಆ ಕಾಲದಲ್ಲಿ ವಾಸಿಯಾಗದ ಹುಣ್ಣಿಗೆ ಆಪರೇಷನ್ ಬಿಟ್ಟರೆ ದಾರಿಯಿರಲಿಲ್ಲ. ಹುಣ್ಣಿನ ದೊಡ್ಡ ಕಾರಣ ಪತ್ತೆಯಾದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಲ್ಲಿ ಕಂಡ ಬ್ಯಾಕ್ಟೀರಿಯಾವನ್ನು ಬೆಳೆಸಲು ಯತ್ನಿಸಿ ಸೋಲುತ್ತಲೇ ಇದ್ದರು. 1982ರ ಈಸ್ಟರ್ ರಜೆಯಲ್ಲಿ ಎಂದಿನಂತೆ ಎರಡೇ ದಿನಕ್ಕೆ ಎಸೆಯದೆ ಉಳಿದುಹೋದ ತಟ್ಟೆಗಳಲ್ಲಿ ಅದು ಬೆಳೆದು ಕಾಣಿಸಿತು. ನಂಬದವರಿಗೆ ತೋರಿಸಲು 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರ ನೊಬೆಲ್ ಇಬ್ಬರಿಗೂ ಸಂದಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಅದೇ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು – ಹುಣ್ಣುಗಳ ಬಹುಪಾಲಿಗೆ ಈ ಎರಡೇ ಕಾರಣ. ಹಸಿಮೆಣಸಿನಕಾಯಿ ಉರಿ ಹೆಚ್ಚಿಸಬಹುದು, ಹುಣ್ಣು ಹುಟ್ಟಿಸುವುದಿಲ್ಲ. ಹಾಲು ಕುಡಿದರೆ ಕೆಲಹೊತ್ತು ತಂಪೆನಿಸುತ್ತದೆ, ಆಮೇಲೆ ಅದರ ಪ್ರೋಟೀನು ಮತ್ತು ಕ್ಯಾಲ್ಸಿಯಂ ಆಮ್ಲವನ್ನು ಇನ್ನಷ್ಟು ಹೊರಡಿಸುತ್ತವೆ.

ಪೈಲೋರಿ ಇದೆಯೆಂದು ತಿಳಿದರೆ ಬರೀ ಆಮ್ಲ ತಗ್ಗಿಸಿ ಪ್ರಯೋಜನವಿಲ್ಲ, ಹುಣ್ಣು ಮರುಕಳಿಸುತ್ತದೆ. ಎರಡು ಹೊತ್ತಿನ ಪ್ರಜೋಲ್ ಜೊತೆ ಎರಡು ಅಥವಾ ಹೆಚ್ಚು ಆ್ಯಂಟಿಬಯಾಟಿಕ್, ಕೆಲವರಿಗೆ ಬಿಸ್ಮತ್ ಕೂಡ, ಸಾಮಾನ್ಯವಾಗಿ 14 ದಿನ. ಐದಾರು ದಿನಕ್ಕೆ ನೋವು ಹೋಗುತ್ತದೆ, ಬಾಯಿಗೆ ಲೋಹದ ಕಹಿ ಬರುತ್ತದೆ, ಆಗ ಬಿಟ್ಟುಬಿಡುವವರಿದ್ದಾರೆ. ಹಾಗೆ ಅರ್ಧಕ್ಕೆ ಬಿಟ್ಟಾಗ ಉಳಿದ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಜಗ್ಗದಂತಾಗುತ್ತವೆ. ಭಾರತದಲ್ಲಿ ಇಂಥ ಆ್ಯಂಟಿಬಯಾಟಿಕ್‌ಗಳಾದ ಮೆಟ್ರೊನಿಡಜೋಲ್ ಮತ್ತು ಕ್ಲಾರಿಥ್ರೊಮೈಸಿನ್‌ಗೆ ಈಗಾಗಲೇ ಆ ಸಮಸ್ಯೆ ಇದೆ. ಬಿಸ್ಮತ್ ನುಂಗಿದಾಗ ಮಲ, ನಾಲಿಗೆ ಕಪ್ಪಾಗುವುದು ಅಪಾಯವಲ್ಲ. ಮೆಟ್ರೊನಿಡಜೋಲ್ ನುಂಗುವಾಗ ಮದ್ಯ ಮುಟ್ಟಬಾರದು. ಕ್ಲಾರಿಥ್ರೊಮೈಸಿನ್ ಇರುವ ಚಿಕಿತ್ಸೆಯ ಜೊತೆಗೆ ಡೊಂಪೆರಿಡೋನ್ ಸೇರಿದ ಹಳೆಯ ಕ್ಯಾಪ್ಸೂಲನ್ನು ಮುಂದುವರಿಸಿದರೆ ಹೃದಯದ ಲಯಕ್ಕೆ ಅಪಾಯ ಹೆಚ್ಚು, ಅವೆರಡು ಒಟ್ಟಿಗಿರಲೇಬಾರದು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡಬೇಕು. ಆ ಪರೀಕ್ಷೆಗೆ ಎರಡು ವಾರ ಮೊದಲು ಪ್ರಜೋಲ್ ನಿಲ್ಲಿಸದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂಬ ವರದಿ ಬರಬಹುದು.

ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ಗಳು ಜಠರದ ಗೋಡೆಯನ್ನು ಕಾಯುವ ರಾಸಾಯನಿಕವನ್ನೇ ತಗ್ಗಿಸುತ್ತವೆ. ಊಟವಾದ ಮೇಲೆ ನುಂಗಿದರೆ ಅಥವಾ ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗದು ಎಂಬುದು ತಪ್ಪು, ಏಕೆಂದರೆ ಕೇಡು ರಕ್ತದ ಮೂಲಕವೇ ಆಗುತ್ತದೆ. ಹುಣ್ಣಿದ್ದವರಿಗೆ ಮಂಡಿನೋವು, ತಲೆನೋವಿಗೆ ಪ್ಯಾರಾಸೆಟಮಾಲ್ ಸುರಕ್ಷಿತ. ಆದರೆ ಹೃದಯಕ್ಕೆಂದು ಬರೆದ ಆಸ್ಪಿರಿನ್ನನ್ನು ಹೊಟ್ಟೆಯುರಿಯ ಭಯದಿಂದ ತಾವೇ ನಿಲ್ಲಿಸಬಾರದು. ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ. ಇವು ಕ್ಲೊಪಿಡೊಗ್ರೆಲ್‌ನ ಶಕ್ತಿ ಕುಂದಿಸುತ್ತವೆ. ಅವರಿಗೆ ಪ್ಯಾಂಟೊಪ್ರಜೋಲ್ ವಾಸಿ.

ಇನ್ನು ಗಡುವಿನ ಮಾತು. ಕರುಳಿನ ಹುಣ್ಣು ಮಾಯಲು ನಾಲ್ಕರಿಂದ ಎಂಟು ವಾರ, ಜಠರದ ಹುಣ್ಣಿಗೆ ಎಂಟು ವಾರದಷ್ಟು, ಹುಳಿತೇಗಿನಿಂದಾದ ಅನ್ನನಾಳದ ಗಾಯಕ್ಕೂ ಸುಮಾರು ಎಂಟು ವಾರ. ಜಠರದ ಹುಣ್ಣು ಕೆಲವೊಮ್ಮೆ ಕ್ಯಾನ್ಸರಿನ ಮುಖವಾಡವೂ ಆಗಿರುವುದರಿಂದ ಮಾತ್ರೆ ಮುಗಿದ ಮೇಲೆ ಮತ್ತೆ ಎಂಡೋಸ್ಕೋಪಿ ಮಾಡಲು ವೈದ್ಯರು ಹೇಳಿದರೆ ತಪ್ಪಿಸಬಾರದು. ಗಡುವು ಮುಗಿದರೂ ಮಾತ್ರೆ ಮುಂದುವರಿಯಲು ಒಂದು ಬಲವಾದ ಕಾರಣವಿದೆ: ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ತೆಗೆದುಕೊಂಡು, ಕೆಲವರಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ನಂತರದ ವಾರಗಳಲ್ಲಿ ಅವರಲ್ಲಿ 44% ಜನರಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿತು. ಬರೀ ಹುಸಿಮಾತ್ರೆ ನುಂಗಿದವರಲ್ಲಿ ಅದು 15%. ಅಂದರೆ ಬಿಟ್ಟಾಗ ಬರುವ ಉರಿಯೆಲ್ಲ ಹಳೆಯ ರೋಗವೇ ಆಗಿರಬೇಕಿಲ್ಲ, ಮಾತ್ರೆಯೇ ಬಿಟ್ಟುಹೋದದ್ದೂ ಆಗಿರಬಹುದು. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಮೊದಲು 40 ಮಿಲಿಗ್ರಾಂ ಇದ್ದದ್ದನ್ನು 20ಕ್ಕೆ ಇಳಿಸಿ, ನಂತರ ದಿನ ಬಿಟ್ಟು ದಿನ ಮಾಡಿ, ನಡುವಿನ ಉರಿಗೆ ಫ್ಯಾಮೊಟಿಡಿನ್ ಅಥವಾ ಆಲ್ಜಿನೇಟ್ ಬಳಸಿ ನಿಲ್ಲಿಸುವುದು ಸಾಧ್ಯ. ವೈದ್ಯರ ಸಲಹೆಯಲ್ಲಿ ಮಾಡಬೇಕಾದ ಕೆಲಸವಿದು.

ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕೊರತೆ, ಕರುಳಿನ ಸೋಂಕು, ಮೂಳೆ ಮುರಿತ, ಅಪರೂಪಕ್ಕೆ ಮೂತ್ರಪಿಂಡದ ಉರಿಯೂತ ಉಂಟಾಗಬಹುದೆಂಬ ಎಚ್ಚರಿಕೆಗಳಿವೆ. ಹಾಗೆಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವಷ್ಟು ಭಯವೂ ಸಲ್ಲದು. ಹೃದ್ರೋಗಿಗಳೂ ಸೇರಿ 17,000ಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದ, 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕರುಳಿನ ಸೋಂಕು ಸ್ವಲ್ಪ ಹೆಚ್ಚಿದ್ದನ್ನು ಬಿಟ್ಟರೆ ಬೇರೆ ಕೇಡು ಖಚಿತವಾಗಿ ಕಾಣಲಿಲ್ಲ. ರಕ್ತಸ್ರಾವವಾದ ಹುಣ್ಣಿನ ಇತಿಹಾಸವಿದ್ದು ಆಸ್ಪಿರಿನ್ ನುಂಗಲೇಬೇಕಾದವರು, ಅನ್ನನಾಳ ತೀವ್ರವಾಗಿ ಗಾಯಗೊಂಡವರು, ಅನ್ನನಾಳದ ಒಳಪದರದಲ್ಲಿ ಬ್ಯಾರೆಟ್ ಎಂಬ ಬದಲಾವಣೆ ಇರುವವರು – ಇವರಿಗೆ ದೀರ್ಘಕಾಲದ ಮಾತ್ರೆಯೇ ರಕ್ಷಣೆ. ಉಳಿದವರು ಚೀಟಿ ಬರೆಸುವಾಗಲೇ ‘ಎಷ್ಟು ವಾರ?’ ಎಂದು ಕೇಳಿಕೊಳ್ಳಬೇಕು.

ರಾತ್ರಿ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ, ಮಂಚದ ತಲೆಯ ಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿಯಷ್ಟು ಎತ್ತರ, ಎಡಮಗ್ಗುಲ ನಿದ್ದೆ, ಹೊಗೆಸೊಪ್ಪು ಬಿಡುವುದು, ತೂಕ ಇಳಿಸುವುದು, ಇವುಗಳಿಂದ ಮಾತ್ರೆಯ ಅಗತ್ಯವೇ ಕಡಿಮೆಯಾಗುತ್ತದೆ. ಊಟದ ಹೊತ್ತಿನ ಹಂಗಿಲ್ಲದೆ ಕೆಲಸ ಮಾಡುವ ವೊನೊಪ್ರಜಾನ್ ಎಂಬ ಹೊಸ ಔಷಧಿ ಜಪಾನಿನಲ್ಲಿ ಸುಮಾರು ಹತ್ತು ವರ್ಷದಿಂದ ಬಳಕೆಯಲ್ಲಿದ್ದು ಈಗ ಭಾರತಕ್ಕೂ ಬಂದಿದೆ. ಹಾಗೆಂದು ಅದೂ ಗಡುವಿಲ್ಲದೆ ನುಂಗುವ ಔಷಧಿಯಲ್ಲ.

ಯಾವ ಮಾತ್ರೆಗೂ ಕಾಯಬಾರದ ಲಕ್ಷಣಗಳಿವೆ. ಡಾಂಬರಿನಂತೆ ಕಪ್ಪಾಗಿ ಜಿಗುಟಾಗಿ ದುರ್ವಾಸನೆಯಿರುವ ಮಲ, ರಕ್ತ ಅಥವಾ ಕಾಫಿ ಗಷ್ಟದಂಥ ವಾಂತಿ, ಒಮ್ಮೆಗೇ ಸಹಿಸಲಾಗದ ಹೊಟ್ಟೆನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನುಂಗಲು ತೊಡಕು, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ ಇದ್ದರೆ ತಡಮಾಡದೆ ಎಂಡೋಸ್ಕೋಪಿ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎದೆಯ ನಡುವಿನ ಒತ್ತಡ, ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಈನೋ ಕುಡಿದು ಮಲಗಿ ಹೃದಯಾಘಾತದ ಮೊದಲ ಗಂಟೆಗಳನ್ನು ಕಳೆದುಕೊಂಡವರು ಕಡಿಮೆಯಿಲ್ಲ. ಇಸಿಜಿ ತೆಗೆಯಲು ಐದು ನಿಮಿಷ ಸಾಕು, ತಾಲ್ಲೂಕು ಆಸ್ಪತ್ರೆಗಳಲ್ಲೂ ಅದು ಸಿಗುತ್ತದೆ. ಮೊದಲು ಅದನ್ನು ತೆಗೆಸಿ, ಮಾತ್ರೆಯ ಮಾತು ಆಮೇಲೆ.